ನೆಟ್‌ವರ್ಕ್ ಫೈಲ್‌ಸಿಸ್ಟಂ ನಿಂತುಹೋದಾಗ ಡೆಡ್‌ಲಾಕ್ ಹುಡುಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಲಿನಕ್ಸ್ ಸರ್ವರ್ ನೋಡಿಕೊಳ್ಳುವವರು ಈಗ ಕಡಿಮೆಯೇನಿಲ್ಲ. ಕಾಲೇಜಿನ ಲ್ಯಾಬ್, ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊ, ಪ್ರಿಂಟಿಂಗ್ ಪ್ರೆಸ್, ಅಡಿಕೆ ಮಂಡಿಯ ಲೆಕ್ಕದ ಕೋಣೆ, ಊರಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರ ಮನೆ, ಎಲ್ಲ ಕಡೆ ನೆಟ್‌ವರ್ಕ್ ಮೇಲೆ ಮೌಂಟ್ ಮಾಡಿದ ಒಂದು ಫೋಲ್ಡರ್ ಇದ್ದೇ ಇರುತ್ತದೆ. ಒಂದು ದಿನ ಅದು ಅಲ್ಲಾಡದೆ ನಿಂತುಬಿಡುತ್ತದೆ. ಆಗ ನನಗೆ ಬರುವ ಫೋನಿನ ಮೊದಲ ಮಾತೇ 'ಕರ್ನಲ್ ಡೆಡ್‌ಲಾಕ್ ಆಗಿದೆ' ಎಂದು.

ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೆ ಒಬ್ಬರು ಹಿಡಿದ ಲಾಕ್‌ಗೆ (ಒಂದು ವಸ್ತುವನ್ನು ಬೇರೆಯವರು ಮುಟ್ಟದಂತೆ ಹಾಕುವ ಬೀಗಕ್ಕೆ) ಇನ್ನೊಬ್ಬರು ಕಾಯುತ್ತಾ, ಯಾರೂ ಮುಂದೆ ಹೋಗಲಾಗದ ಸ್ಥಿತಿಯೇ ಡೆಡ್‌ಲಾಕ್. ಅದು ಸಣ್ಣ ಆರೋಪವಲ್ಲ. ಅದನ್ನು ಹೊರಿಸಬೇಕಾದರೆ ಯಾರು ಯಾವ ಲಾಕ್ ಹಿಡಿದಿದ್ದಾರೆ, ಯಾರು ಯಾವುದಕ್ಕೆ ಕಾಯುತ್ತಿದ್ದಾರೆ ಎಂದು ಹೆಸರು ಹಿಡಿದು ತೋರಿಸಬೇಕು. ಅದನ್ನು ತೋರಿಸುವುದು ಹೇಗೆ ಎಂಬುದೇ ಈ ಪುಟದ ವಿಷಯ. ಹೆಚ್ಚಿನ ಉದಾಹರಣೆ ಎನ್ಎಫ್ಎಸ್‌ನದು, ಅಂದರೆ ಲಿನಕ್ಸ್ ಮೆಷಿನ್‌ಗಳು ನೆಟ್‌ವರ್ಕ್ ಮೇಲೆ ಫೋಲ್ಡರ್ ಹಂಚಿಕೊಳ್ಳುವ ವ್ಯವಸ್ಥೆಯದು. ವಿಂಡೋಸ್ ಮಾದರಿಯ ಸಾಂಬಾ ಹಂಚಿಕೆ ಬಳಸುವವರಿಗೂ ಒಂದು ಉತ್ತರ ಇದೆ.

ಪ್ರಶ್ನೆ: ಎಲ್ಎಸ್ ಕೊಟ್ಟ ಕೂಡಲೇ ಟರ್ಮಿನಲ್ ನಿಂತುಹೋಯಿತು. ಕಿಲ್ ಮೈನಸ್ 9 ಕೊಟ್ಟರೂ ಸಾಯುತ್ತಿಲ್ಲ. ಇದು ಡೆಡ್‌ಲಾಕ್ ಅಲ್ವಾ?

ಇರಬಹುದು. ಆದರೆ ಇಷ್ಟರಿಂದಲೇ ಹೇಳಲು ಬರುವುದಿಲ್ಲ. ಪಿಎಸ್ ಪಟ್ಟಿಯಲ್ಲಿ ಆ ಪ್ರೊಸೆಸ್ ಮುಂದೆ 'ಡಿ' ಅಕ್ಷರ ಇದೆಯೇ ನೋಡಿ. ಇದ್ದರೆ ಅದು ಕರ್ನಲ್ ಒಳಗೆ ಏನನ್ನೋ ಕಾಯುತ್ತಾ ಮಲಗಿದೆ, ಸಾಮಾನ್ಯ ಸಿಗ್ನಲ್‌ಗೆ ಏಳುವುದಿಲ್ಲ ಎಂದರ್ಥ. ಡಿಸ್ಕ್‌ಗೆ ಕಾಯುವವರೂ ಇದೇ ಸ್ಥಿತಿಯಲ್ಲಿ ಇರುತ್ತಾರೆ, ಸರ್ವರ್ ಉತ್ತರಕ್ಕೆ ಕಾಯುವವರೂ ಇರುತ್ತಾರೆ, ನಿಜವಾದ ಡೆಡ್‌ಲಾಕ್‌ನಲ್ಲಿ ಸಿಕ್ಕವರೂ ಇರುತ್ತಾರೆ.

ಕಿಲ್ ಮೈನಸ್ 9ಕ್ಕೆ ಸತ್ತಿತೋ ಇಲ್ಲವೋ ಎಂಬುದು ಮಾತ್ರ ಒಳ್ಳೆಯ ಸುಳಿವು. 2008ರಲ್ಲಿ ಬಂದ 2.6.25 ಕರ್ನಲ್‌ನಿಂದ 'ಕಿಲ್ಲಬಲ್' ಎಂಬ ಒಂದು ಬಗೆಯ ನಿದ್ದೆ ಇದೆ. ನೋಡಲು ಅದೂ 'ಡಿ'ಯೇ, ಆದರೆ ಪ್ರಾಣ ತೆಗೆಯುವ ಸಿಗ್ನಲ್ ಬಂದರೆ ಏಳುತ್ತದೆ. ಎನ್ಎಫ್ಎಸ್ ಕ್ಲೈಂಟ್ ಸರ್ವರ್ ಉತ್ತರಕ್ಕೆ ಕಾಯುವುದು ಬಹುಪಾಲು ಹೀಗೆಯೇ. ಹಾಗಾಗಿ ಕಿಲ್‌ಗೆ ಸತ್ತ ಪ್ರೊಸೆಸ್ ಹೆಚ್ಚಾಗಿ ನೆಟ್‌ವರ್ಕ್ ಉತ್ತರಕ್ಕೆ ಕಾಯುತ್ತಿತ್ತು. ಸಾಯದೆ ಉಳಿದದ್ದು ಮ್ಯೂಟೆಕ್ಸ್ (ಒಮ್ಮೆಗೆ ಒಬ್ಬರೇ ಹಿಡಿಯುವ ಲಾಕ್), ಪೇಜ್ ಲಾಕ್ (ಮೆಮೊರಿಯ ಒಂದು ಪುಟದ ಲಾಕ್) ಇಂಥದ್ದಕ್ಕೆ ಕಾಯುತ್ತಿರಬೇಕು. ಅನುಮಾನ ಶುರುವಾಗಬೇಕಾದ್ದು ಎರಡನೆಯದರ ಮೇಲೆ.

ಪ್ರಶ್ನೆ: ಹಾಗಾದರೆ ಡೆಡ್‌ಲಾಕ್ ಅಂತ ಯಾವಾಗ ಹೇಳಬಹುದು?

ಕಾಯುವವರ ಸಾಲು ಸುತ್ತಿ ಬಂದು ತನ್ನ ಬಾಲವನ್ನೇ ಹಿಡಿದಾಗ. ಮೊದಲನೆಯ ಥ್ರೆಡ್ 'ಕ' ಲಾಕ್ ಹಿಡಿದು 'ಖ' ಲಾಕ್‌ಗೆ ಕಾಯುತ್ತಿದೆ. ಎರಡನೆಯದು 'ಖ' ಹಿಡಿದು 'ಕ'ಕ್ಕೆ ಕಾಯುತ್ತಿದೆ. ಹೊರಗಿನಿಂದ ಯಾರು ಏನು ಮಾಡಿದರೂ ಇದು ಬಿಡಿಸಿಕೊಳ್ಳುವುದಿಲ್ಲ.

ಹತ್ತು ಪ್ರೊಸೆಸ್‌ಗಳು ಒಂದು ಫೋಲ್ಡರ್‌ನ ಐನೋಡ್ (ಆ ಫೋಲ್ಡರ್ ಬಗ್ಗೆ ಕರ್ನಲ್ ಇಟ್ಟುಕೊಳ್ಳುವ ದಾಖಲೆ) ಲಾಕ್‌ಗೆ ಕಾಯುತ್ತಿವೆ, ಆ ಲಾಕ್ ಹಿಡಿದ ಹನ್ನೊಂದನೆಯದು ಸರ್ವರ್ ಉತ್ತರಕ್ಕೆ ಕಾಯುತ್ತಿದೆ ಎಂದುಕೊಳ್ಳಿ. ಇದು ಡೆಡ್‌ಲಾಕ್ ಅಲ್ಲ. ಸಾಲಿನ ತುದಿ ಮೆಷಿನ್‌ನಿಂದ ಹೊರಗೆ ಹೋಗಿದೆ. ಸರ್ವರ್ ಮಾತಾಡಿದ ಕ್ಷಣ ಹನ್ನೊಂದೂ ಏಳುತ್ತವೆ. ನಮ್ಮ ಕಡೆಯ ದೂರುಗಳಲ್ಲಿ ಇದೇ ಜಾಸ್ತಿ. ಹೊರಗಿನಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ, ಆದ್ದರಿಂದಲೇ ತುದಿ ಸಿಗುವವರೆಗೂ ಹುಡುಕಬೇಕು.

ಪ್ರಶ್ನೆ: ಲೋಡ್ ಆವರೇಜ್ 40 ತೋರಿಸುತ್ತಿದೆ. ಸಿಪಿಯು ಮಾತ್ರ ಖಾಲಿ ಕೂತಿದೆ. ಏನಿದು?

ಲಿನಕ್ಸ್‌ನಲ್ಲಿ 'ಡಿ' ಸ್ಥಿತಿಯವರನ್ನೂ ಲೋಡ್‌ನಲ್ಲಿ ಎಣಿಸುತ್ತಾರೆ. ಸುಮಾರು 40 ಪ್ರೊಸೆಸ್‌ಗಳು ಎಲ್ಲೋ ಕಾಯುತ್ತಿವೆ, ಅಷ್ಟೇ. ಸಿಪಿಯು ಪೂರ್ತಿ ಓಡುತ್ತಾ ಲಾಗ್‌ನಲ್ಲಿ 'ಸಾಫ್ಟ್ ಲಾಕಪ್' ಎಂದು ಬಂದರೆ ಆ ರೋಗವೇ ಬೇರೆ. ಅಲ್ಲಿ ಯಾರೋ ಮಲಗದೆ ಒಂದೇ ಕಡೆ ಸುತ್ತುತ್ತಿದ್ದಾರೆ.

ಪ್ರಶ್ನೆ: ಎಲ್ಲರೂ ಕೆಲಸ ನಿಲ್ಲಿಸಿ ನನ್ನ ಮುಖ ನೋಡ್ತಾ ಇದಾರೆ. ರೀಬೂಟ್ ಮಾಡಿಬಿಡ್ಲಾ?

ಐದು ನಿಮಿಷ ಕೊಡಿ. ರೀಬೂಟ್ ಮಾಡಿದರೆ ಸಾಕ್ಷಿ ಪೂರ್ತಿ ಹೋಗುತ್ತದೆ. ಮುಂದಿನ ವಾರ ಮತ್ತೆ ಇದೇ ಆದಾಗ ನೀವು ಇವತ್ತಿನಷ್ಟೇ ಕತ್ತಲೆಯಲ್ಲಿ ಇರುತ್ತೀರಿ. ಈ ಪುಟದಲ್ಲಿ ನಾನು ಕೈಮುಗಿದು ಕೇಳಿಕೊಳ್ಳುವ ಮಾತು ಇದೊಂದೇ.

ಮೊದಲು ರೂಟ್ ಆಗಿ ಲಾಗಿನ್ ಆಗಿ. ರೂಟ್‌ನ ಮನೆ ಫೋಲ್ಡರ್ ಲೋಕಲ್ ಡಿಸ್ಕ್‌ನಲ್ಲೇ ಇರಬೇಕು. ಕಾಲೇಜು ಲ್ಯಾಬ್‌ಗಳಲ್ಲಿ ವಿದ್ಯಾರ್ಥಿಗಳ ಹೋಂ ಫೋಲ್ಡರ್ ಎಲ್ಲ ಎನ್ಎಫ್ಎಸ್ ಮೇಲೆ ಇರುವುದರಿಂದ ಮಾಮೂಲಿ ಹೆಸರಿನಲ್ಲಿ ಲಾಗಿನ್ ಆಗಲು ಹೋದರೆ ಅದೂ ನಿಂತುಬಿಡುತ್ತದೆ. ಹಿಂದಿನ ದಿನವೇ ಒಂದು ರೂಟ್ ಟರ್ಮಿನಲ್ ತೆರೆದಿಟ್ಟವರು ಜಾಣರು.

ಆಮೇಲೆ ಪಿಎಸ್ ಕೊಡುವಾಗ ಎಚ್ಚರ. ಎಲ್ಲರೂ ರೂಢಿಯಿಂದ ಕೊಡುವ 'ಪಿಎಸ್ ಎಯುಎಕ್ಸ್' ಪ್ರತಿ ಪ್ರೊಸೆಸ್‌ನ ಪೂರ್ತಿ ಕಮಾಂಡ್ ಸಾಲನ್ನು ಓದಲು ಹೋಗುತ್ತದೆ. ಅದಕ್ಕೆ ಆ ಪ್ರೊಸೆಸ್‌ನ ಮೆಮೊರಿ ನಕ್ಷೆಯ ಲಾಕ್ ಬೇಕು. ಸಿಕ್ಕಿಹಾಕಿಕೊಂಡ ಪ್ರೊಸೆಸ್ ಅದನ್ನೇ ಹಿಡಿದು ಮಲಗಿದ್ದರೆ ನಿಮ್ಮ ಪಿಎಸ್ ಕೂಡ ಅಲ್ಲೇ ಮಲಗುತ್ತದೆ. ಪ್ರೊಸೆಸ್ ಸಂಖ್ಯೆ, ಸ್ಥಿತಿ, ಡಬ್ಲ್ಯೂಚಾನ್ (ಕರ್ನಲ್‌ನಲ್ಲಿ ಎಲ್ಲಿ ಮಲಗಿದೆ ಎಂಬುದು), ಚಿಕ್ಕ ಹೆಸರು ಇಷ್ಟನ್ನೇ ಕೇಳಿ, ಸಾಕು. ಡಿಸ್ಕ್ ಜಾಗ ತೋರಿಸುವ ಡಿಎಫ್ ಕೊಡಲೇಬೇಡಿ, ಅದು ಪ್ರತಿ ಮೌಂಟನ್ನೂ ಮುಟ್ಟುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಕರ್ನಲ್ ತನ್ನ ಮಾಹಿತಿ ತೋರಿಸುವ ಪ್ರಾಕ್ ಫೋಲ್ಡರ್ ಅಡಿಯಲ್ಲಿ ಸಿಸ್‌ಆರ್‌ಕ್ಯೂ, ಅಂದರೆ ಕರ್ನಲ್‌ಗೆ ನೇರ ಆಜ್ಞೆ ಕೊಡುವ ದಾರಿ ಇದೆ. ಅದರ 'ಸಿಸ್‌ಆರ್‌ಕ್ಯೂ-ಟ್ರಿಗರ್' ಫೈಲ್‌ಗೆ 'ಡಬ್ಲ್ಯೂ' ಎಂಬ ಒಂದು ಅಕ್ಷರ ಬರೆಯಿರಿ. 'ಡಿ' ಸ್ಥಿತಿಯಲ್ಲಿರುವ ಎಲ್ಲರ ಸ್ಟ್ಯಾಕ್ (ಯಾವ ಫಂಕ್ಷನ್‌ನಿಂದ ಯಾವುದಕ್ಕೆ ಹೋಗಿ ಎಲ್ಲಿ ನಿಂತರು ಎಂಬ ಪಟ್ಟಿ) ಕರ್ನಲ್ ಲಾಗ್‌ಗೆ ಬೀಳುತ್ತದೆ. ಸಿಸ್‌ಆರ್‌ಕ್ಯೂ ಸೆಟ್ಟಿಂಗ್ ಆಫ್ ಇದೆ ಎಂದು ಹೆದರಬೇಡಿ, ಆ ನಿರ್ಬಂಧ ಕೀಬೋರ್ಡ್‌ಗೆ ಮಾತ್ರ. ರೂಟ್ ಆಗಿ ಫೈಲ್‌ಗೆ ಬರೆದರೆ ಯಾವಾಗಲೂ ನಡೆಯುತ್ತದೆ. ಅರ್ಧ ನಿಮಿಷ ಬಿಟ್ಟು ಇದನ್ನೇ ಮತ್ತೊಮ್ಮೆ ಮಾಡಿ. ಎರಡೂ ಸಲ ಅದೇ ಪ್ರೊಸೆಸ್, ಅದೇ ಸ್ಟ್ಯಾಕ್ ಇದ್ದರೆ ನಿಂತಿದೆ ಎಂದರ್ಥ. ಬದಲಾಗಿದ್ದರೆ ನಿಧಾನವಾಗಿಯಾದರೂ ಓಡುತ್ತಿದೆ.

ಕರ್ನಲ್ ಲಾಗ್ ತೋರಿಸುವ ಡಿಮೆಸೇಜ್ ಕಮಾಂಡ್‌ನ ಔಟ್‌ಪುಟ್ ಅನ್ನು ಲೋಕಲ್ ಡಿಸ್ಕ್‌ಗೆ ಉಳಿಸಿಕೊಳ್ಳಿ. ನಿಂತುಹೋದ ಮೌಂಟ್ ಮೇಲೆಯೇ ಉಳಿಸಲು ಹೋಗಬೇಡಿ. 'ಟಿ' ಅಕ್ಷರ ಬರೆದರೆ ಎಲ್ಲ ಪ್ರೊಸೆಸ್‌ಗಳ ಸ್ಟ್ಯಾಕ್ ಬರುತ್ತದೆ, ಆದರೆ ದೊಡ್ಡ ಮೆಷಿನ್‌ನಲ್ಲಿ ಕರ್ನಲ್ ಲಾಗ್‌ನ ಜಾಗ ಸಾಲದೆ ಮೊದಲ ಭಾಗ ಅಳಿಸಿಹೋಗುತ್ತದೆ. ಬೂಟ್ ಮಾಡುವಾಗಲೇ 'ಲಾಗ್ ಬಫ್ ಲೆನ್' ಹೆಚ್ಚಿಸಿಟ್ಟರೆ ಒಳ್ಳೆಯದು.

ಪ್ರಶ್ನೆ: ಸ್ಟ್ಯಾಕ್ ಸಿಕ್ಕಿತು. ನೂರಾರು ಸಾಲು ಇದೆ. ಎಲ್ಲಿಂದ ಓದೋದು?

ಒಂದೊಂದು ಸ್ಟ್ಯಾಕ್‌ನ ಕೆಳಗಿನ ಸಾಲು ಆ ಪ್ರೊಸೆಸ್ ಯಾವ ಕೆಲಸಕ್ಕೆ ಕರ್ನಲ್ ಒಳಗೆ ಬಂತು ಎಂದು ಹೇಳುತ್ತದೆ: ಓದಲು, ಬರೆಯಲು, ಫೈಲ್ ಅಳಿಸಲು. ಮೇಲಿನ ಸಾಲುಗಳು ಎಲ್ಲಿ ಮಲಗಿದೆ ಎಂದು ಹೇಳುತ್ತವೆ. ಮಧ್ಯದ ಸಾಲುಗಳಲ್ಲಿ ಬರುವ ಹಾದಿಯಲ್ಲಿ ಯಾವ ಲಾಕ್‌ಗಳನ್ನು ಹಿಡಿದುಕೊಂಡಿತು ಎಂಬ ಕಥೆ ಇರುತ್ತದೆ. ಆ ಕಥೆಯನ್ನು ಸೋರ್ಸ್ ಕೋಡ್ ಪಕ್ಕದಲ್ಲಿಟ್ಟುಕೊಂಡೇ ಓದಬೇಕು. ಹೆಸರಿನ ಮುಂದೆ ಪ್ರಶ್ನೆ ಚಿಹ್ನೆ ಇರುವ ಸಾಲುಗಳನ್ನು ನಂಬಬೇಡಿ, ಅವು ಸ್ಟ್ಯಾಕ್‌ನಲ್ಲಿ ಉಳಿದ ಹಳೆಯ ಕಸ ಇರಬಹುದು.

ಮೊದಲು ಎಲ್ಲರನ್ನೂ ಗುಂಪು ಮಾಡಿ. ಮೇಲ್ಗಡೆ 'ಆರ್‌ಪಿಸಿ ವೇಟ್ ಬಿಟ್ ಕಿಲ್ಲಬಲ್' ಇದ್ದರೆ ಅವರು ಸರ್ವರ್ ಉತ್ತರಕ್ಕೆ ಕಾಯುವವರು. 'ಮ್ಯೂಟೆಕ್ಸ್ ಲಾಕ್' ಅಥವಾ 'ಆರ್‌ಡಬ್ಲ್ಯೂಸೆಮ್' ಹೆಸರಿದ್ದರೆ ಲಾಕ್‌ಗೆ ಕಾಯುವವರು. 'ಫೋಲಿಯೋ ವೇಟ್ ಬಿಟ್' ಇದ್ದರೆ ಒಂದು ಪುಟದ ಲಾಕ್‌ಗೋ ಅದರ ರೈಟ್‌ಬ್ಯಾಕ್ (ಮೆಮೊರಿಯಲ್ಲಿ ಬಾಕಿ ಇರುವುದನ್ನು ಆಚೆ ಬರೆಯುವುದು) ಮುಗಿಯಲಿಕ್ಕೋ ಕಾಯುವವರು. ಹಳೆಯ ಕರ್ನಲ್‌ನಲ್ಲಿ ಅಲ್ಲಿ ಪೇಜ್ ಎಂಬ ಹೆಸರು ಇರುತ್ತದೆ.

ಮೂವತ್ತು ಪ್ರೊಸೆಸ್ ಒಂದೇ ಥರ ಮಲಗಿದ್ದರೆ ಅವು ಬಲಿಪಶುಗಳು. ಅವುಗಳಲ್ಲಿ ಒಂದನ್ನು ಓದಿದರೆ ಸಾಕು. ಬೇರೆ ಥರ ಮಲಗಿರುವ ಒಂದೋ ಎರಡೋ ಇರುತ್ತವಲ್ಲ, ಅವುಗಳ ಮೇಲೆ ಕಣ್ಣಿಡಿ. ಲಾಕ್ ಹಿಡಿದವನು ಹೆಚ್ಚಾಗಿ ಅಲ್ಲೇ ಇರುತ್ತಾನೆ. ಕರ್ನಲ್ ಥ್ರೆಡ್‌ಗಳನ್ನು ಮರೆಯಬೇಡಿ. ಹೆಸರಿನಲ್ಲಿ ಕೆವರ್ಕರ್ ಎಂದಿರುವವು, ಎನ್ಎಫ್ಎಸ್ 4 ಆದರೆ ಸರ್ವರ್ ವಿಳಾಸದ ಪಕ್ಕ 'ಮ್ಯಾನೇಜರ್' ಎಂದಿರುವ ಥ್ರೆಡ್, ಇವುಗಳ ಸ್ಟ್ಯಾಕ್ ಮೊದಲು ನೋಡಬೇಕಾದ್ದು. ಉಳಿದವರನ್ನು ಬಿಡಿಸುವ ಕೆಲಸ ಅವುಗಳದ್ದು. ಅವೇ ಮಲಗಿದ್ದರೆ ಕಾರಣ ಹತ್ತಿರದಲ್ಲೇ ಇದೆ.

ಪ್ರಶ್ನೆ: 'ಬ್ಲಾಕ್ಡ್ ಫಾರ್ ಮೋರ್ ದ್ಯಾನ್ 120 ಸೆಕೆಂಡ್ಸ್' ಎಂದು ಕರ್ನಲ್ ತಾನೇ ಬರೆದಿದೆ. ಇನ್ನೇನು ಸಾಕ್ಷಿ ಬೇಕು?

ಅದು 'ಇವನು ಎರಡು ನಿಮಿಷದಿಂದ ಎದ್ದಿಲ್ಲ' ಎನ್ನುತ್ತದೆ. ಯಾಕೆ ಎಂದು ಹೇಳುವುದಿಲ್ಲ.

ಇಲ್ಲೊಂದು ಸೂಕ್ಷ್ಮ ಇದೆ, ಬಹಳ ಜನ ಇದನ್ನು ಗಮನಿಸುವುದಿಲ್ಲ. ಈ ಎಚ್ಚರಿಕೆ ಕೊಡುವ ಥ್ರೆಡ್ ಕಿಲ್ಲಬಲ್ ನಿದ್ದೆಯಲ್ಲಿರುವವರನ್ನು ಬೇಕೆಂದೇ ಬಿಟ್ಟುಬಿಡುತ್ತದೆ. ಎನ್ಎಫ್ಎಸ್ ಉತ್ತರಕ್ಕೆ ಕಾಯುವವರ ಮೇಲೆಲ್ಲ ದೂರು ಬರಬಾರದು ಎಂಬುದೇ ಕಾರಣ. ಹಾಗಾಗಿ ಲಾಗ್‌ನಲ್ಲಿ ಹೆಸರು ಬರುವುದು ಹಿಂದೆ ಸಾಲಿನಲ್ಲಿ ನಿಂತವರದ್ದು. ಸಾಲಿನ ತಲೆಯಲ್ಲಿ ಸರ್ವರ್‌ಗೆ ಕಾಯುತ್ತಾ ಕೂತವನ ಹೆಸರು ಅಲ್ಲಿ ಇರುವುದೇ ಇಲ್ಲ. ಅದನ್ನು ಮಾತ್ರ ಓದಿದವರಿಗೆ ಲಾಕ್‌ಗಳೇ ಕಾಣುತ್ತವೆ, ನೆಟ್‌ವರ್ಕ್ ಕಾಣುವುದಿಲ್ಲ. ಡೆಡ್‌ಲಾಕ್ ಎಂಬ ತಪ್ಪು ತೀರ್ಮಾನ ಹುಟ್ಟುವುದು ಹೆಚ್ಚಾಗಿ ಇಲ್ಲಿಯೇ. ಸಿಸ್‌ಆರ್‌ಕ್ಯೂ ಡಬ್ಲ್ಯೂ ಇಬ್ಬರನ್ನೂ ತೋರಿಸುತ್ತದೆ.

ಇನ್ನೊಂದು ವಿಷಯ. ಮೊದಲಿಗೆ ಇರುವ ಸೆಟ್ಟಿಂಗ್‌ನಲ್ಲಿ ಇಂಥ ಎಚ್ಚರಿಕೆ ಹತ್ತು ಸಲ ಮಾತ್ರ ಬರುತ್ತದೆ, ಆಮೇಲೆ ಮೌನ. ಎಚ್ಚರಿಕೆ ನಿಂತಿತು ಎಂದರೆ ತೊಂದರೆ ಹೋಯಿತು ಎಂದಲ್ಲ.

ಪ್ರಶ್ನೆ: ತೊಂದರೆ ನೆಟ್‌ವರ್ಕ್‌ನದ್ದೇ ಎಂದು ಖಾತ್ರಿ ಮಾಡಿಕೊಳ್ಳುವುದು ಹೇಗೆ?

ಲಾಗ್‌ನಲ್ಲಿ 'ಸರ್ವರ್ ನಾಟ್ ರೆಸ್ಪಾಂಡಿಂಗ್, ಸ್ಟಿಲ್ ಟ್ರೈಯಿಂಗ್' ಇದೆಯೇ ನೋಡಿ. ಟಿಸಿಪಿ ಮೇಲೆ ಎನ್ಎಫ್ಎಸ್‌ನ ಮಾಮೂಲಿ ಕಾಯುವ ಅವಧಿ 60 ಸೆಕೆಂಡು, ಅದೂ ಒಂದಕ್ಕಿಂತ ಹೆಚ್ಚು ಸಲ. ಹಾಗಾಗಿ ಈ ಸಾಲು ಬರಲು ಕೆಲವು ನಿಮಿಷ ಹಿಡಿಯಬಹುದು.

ಎಸ್ಎಸ್ ಕಮಾಂಡ್‌ನಲ್ಲಿ 2049 ಪೋರ್ಟಿನ ಸಂಪರ್ಕ ನೋಡಿ. 'ಸೆಂಡ್ ಕ್ಯೂ' ಸೊನ್ನೆಗೆ ಇಳಿಯದೆ ಹಾಗೇ ಕೂತಿದ್ದರೆ ನೀವು ಕಳಿಸಿದ್ದು ಆಚೆ ತಲುಪಿಲ್ಲ. ಅದು ಸೊನ್ನೆ ಇದ್ದು ಉತ್ತರ ಬಾರದಿದ್ದರೆ ಸರ್ವರ್ ಕಡೆ ಹೋಗಿ ಅಲ್ಲಿನ ಎನ್ಎಫ್ಎಸ್‌ಡಿ ಥ್ರೆಡ್‌ಗಳ ಸ್ಟ್ಯಾಕ್ ನೋಡಿ. ಉತ್ತರ ಬಂದಿದೆ ಎಂದು ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್‌ನಲ್ಲಿ ಕಂಡರೂ ಕ್ಲೈಂಟ್ ಏಳದಿದ್ದರೆ ಮಾತ್ರ ಕ್ಲೈಂಟ್ ಡ್ರೈವರ್ ಮೇಲೆ ಅನುಮಾನ ಗಟ್ಟಿಯಾಗುತ್ತದೆ.

ಕಳಿಸಿ ಉತ್ತರಕ್ಕೆ ಕಾದಿರುವ ಆರ್‌ಪಿಸಿ (ಸರ್ವರ್‌ಗೆ ಕಳಿಸುವ ಕೋರಿಕೆ) ಕೆಲಸಗಳ ಪಟ್ಟಿಯೂ ಸಿಗುತ್ತದೆ. ಪ್ರಾಕ್ ಒಳಗೆ ಸಿಸ್, ಅದರೊಳಗೆ ಸನ್‌ಆರ್‌ಪಿಸಿ, ಅಲ್ಲಿರುವ 'ಆರ್‌ಪಿಸಿ ಡಿಬಗ್' ಫೈಲ್‌ಗೆ ಸೊನ್ನೆ ಬರೆದರೆ ಆ ಪಟ್ಟಿ ಕರ್ನಲ್ ಲಾಗ್‌ಗೆ ಬರುತ್ತದೆ. ಪಟ್ಟಿ ಖಾಲಿ ಇದ್ದೂ ಪ್ರೊಸೆಸ್‌ಗಳು ಮಲಗಿದ್ದರೆ ಯಾರೂ ಸರ್ವರ್‌ಗೆ ಕಾಯುತ್ತಿಲ್ಲ ಎಂದಾಯಿತು. ಆಗ ತುದಿ ಮೆಷಿನ್ ಒಳಗೇ ಇದೆ.

ನಮ್ಮೂರಿನ ಕಾರಣ ಒಂದನ್ನು ಇಲ್ಲೇ ಹೇಳಿಬಿಡುತ್ತೇನೆ. ಬಹಳ ಕಡೆ ಯುಪಿಎಸ್ ಕಂಪ್ಯೂಟರ್‌ಗೆ ಇರುತ್ತದೆ, ಮೂಲೆಯಲ್ಲಿರುವ ಸ್ವಿಚ್‌ಗೆ ಇರುವುದಿಲ್ಲ. ಕರೆಂಟ್ ಹೋದರೆ ಎರಡೂ ಕಂಪ್ಯೂಟರ್ ಎಚ್ಚರ ಇರುತ್ತವೆ, ನಡುವಿನ ದಾರಿ ಸತ್ತಿರುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸ್ವಿಚ್‌ನ ಒಂದೇ ಪೋರ್ಟ್ ಸುಟ್ಟುಹೋಗುವುದೂ ಉಂಟು. ಕರ್ನಲ್ ಸೋರ್ಸ್ ತೆರೆಯುವ ಮೊದಲು ಸ್ವಿಚ್‌ನ ದೀಪ ನೋಡಿ ಬನ್ನಿ.

ಪ್ರಶ್ನೆ: ಸರ್ವರ್ ಮತ್ತೆ ಶುರುವಾಗಿ ಒಂದು ನಿಮಿಷ ಆಯಿತು. ಆದರೂ ಫೈಲ್ ತೆರೆಯುತ್ತಿಲ್ಲ.

ಎನ್ಎಫ್ಎಸ್ 4 ಆದರೆ ಇದು ಸಹಜ. ರೀಬೂಟ್ ಆದ ಲಿನಕ್ಸ್ ಸರ್ವರ್ ಹಳೆಯ ಕ್ಲೈಂಟ್‌ಗಳಿಗೆ ತಮ್ಮ ಲಾಕ್‌ಗಳನ್ನು ಮರಳಿ ಪಡೆಯಲು ಸಮಯ ಕೊಡುತ್ತದೆ. ಮಾಮೂಲಿಯಾಗಿ 90 ಸೆಕೆಂಡು. ಅಲ್ಲಿಯವರೆಗೆ ಹೊಸದಾಗಿ ತೆರೆಯುವವರು ಕಾಯಬೇಕು.

ಪ್ರಶ್ನೆ: ಸಾಗರದ ಮನೆಯಿಂದ ವಿಪಿಎನ್ ಮೇಲೆ ಮೌಂಟ್ ಮಾಡುತ್ತೇನೆ. ಮೌಂಟ್ ಆಗುತ್ತೆ, ಚಿಕ್ಕ ಫೋಲ್ಡರ್ ಕಾಣುತ್ತೆ. ದೊಡ್ಡ ಫೈಲ್ ತೆರೆದರೆ ನಿಂತೇ ಹೋಗುತ್ತೆ. ಡ್ರೈವರ್ ಬಗ್ ತಾನೇ?

ಇದು ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರದ ತೊಂದರೆ ಇರುವ ಸಾಧ್ಯತೆಯೇ ಜಾಸ್ತಿ. ಈಥರ್ನೆಟ್‌ನ ಒಂದು ಪ್ಯಾಕೆಟ್‌ಗೆ 1500 ಬೈಟ್ ಮಿತಿ. ಮನೆಯ ಫೈಬರ್ ಸಂಪರ್ಕ ಪಿಪಿಪಿಒಇ ಆಗಿದ್ದರೆ ಅದು 1492ಕ್ಕೆ ಇಳಿಯುತ್ತದೆ. ಅದರ ಮೇಲೆ ವಿಪಿಎನ್ ತನ್ನ ಹೊದಿಕೆ ಹಾಕುತ್ತದೆ. ಉಳಿದ ಜಾಗಕ್ಕಿಂತ ದೊಡ್ಡ ಪ್ಯಾಕೆಟ್ ಬಂದಾಗ 'ಚಿಕ್ಕದು ಮಾಡಿ ಕಳಿಸು' ಎಂಬ ಐಸಿಎಂಪಿ ಸಂದೇಶ ಕಳಿಸಿದವರಿಗೆ ತಲುಪಬೇಕು. ನಡುವೆ ಯಾವುದೋ ಫೈರ್‌ವಾಲ್ ಅದನ್ನು ತಡೆದರೆ ದೊಡ್ಡ ಪ್ಯಾಕೆಟ್ ಸದ್ದಿಲ್ಲದೆ ಮಾಯವಾಗುತ್ತದೆ. ಮೌಂಟ್ ಮಾತುಕತೆ ಚಿಕ್ಕದು, ನಡೆಯುತ್ತದೆ. ಚಿಕ್ಕ ಫೋಲ್ಡರ್ ಪಟ್ಟಿಯೂ ಬರುತ್ತದೆ. ಒಂದು ಫೋಟೊ ಓದಲು ಹೋದರೆ ಪ್ಯಾಕೆಟ್‌ಗಳು ತುಂಬುತ್ತವೆ, ಅಲ್ಲಿಗೆ ಮುಗಿಯಿತು. ಕ್ಲೈಂಟ್ ಬಡಪಾಯಿ ಉತ್ತರ ಬರುವವರೆಗೂ ಕೈಬಿಡದ ಹಾರ್ಡ್ ಮೌಂಟ್‌ನ ನಿಯಮದಂತೆ ಕಾಯುತ್ತಲೇ ಇರುತ್ತದೆ.

ಪರೀಕ್ಷೆ ಸುಲಭ. ತುಂಡು ಮಾಡಬೇಡ ಎಂಬ ಗುರುತು ಹಾಕಿ 1372 ಬೈಟಿನ ಪಿಂಗ್ ಕಳಿಸಿ. ಹೆಡರ್‌ನ 28 ಸೇರಿ 1400 ಆಗುತ್ತದೆ. ಹೋಗದಿದ್ದರೆ ಇಳಿಸುತ್ತಾ ಬನ್ನಿ. ಟ್ರೇಸ್‌ಪಾತ್ ಕೂಡ ಇದನ್ನು ತೋರಿಸುತ್ತದೆ. ಓದುವಾಗ ಮಾತ್ರ ನಿಲ್ಲುತ್ತಿದ್ದರೆ ಸರ್ವರ್ ಕಡೆಯ ಸೆಂಡ್ ಕ್ಯೂ ತುಂಬಿರುತ್ತದೆ, ಬರೆಯುವಾಗ ಆದರೆ ನಿಮ್ಮ ಕಡೆಯದು. ಸುರಂಗದ ಎಂಟಿಯು ಇಳಿಸಿದರೆ ಸರಿಹೋಗುತ್ತದೆ. ಎರಡೂ ತುದಿಯಲ್ಲಿ ಇಳಿಸಿ.

ಪ್ರಶ್ನೆ: ಸಾಫ್ಟ್ ಮೌಂಟ್ ಹಾಕಿದರೆ ಈ ತಲೆನೋವೇ ಇಲ್ಲ ಎಂದು ಕೇಳಿದೆ.

ದಯವಿಟ್ಟು ಬರೆಯುವ ಮೌಂಟ್‌ಗೆ ಹಾಕಬೇಡಿ. ಸಾಫ್ಟ್ ಎಂದರೆ ಕೆಲವು ಸಲ ಪ್ರಯತ್ನಿಸಿ ಕೈಬಿಟ್ಟು ಪ್ರೋಗ್ರಾಂಗೆ ಎರರ್ ಕೊಡುವುದು. ನೀವು ಬರೆದದ್ದು ಇನ್ನೂ ಮೆಮೊರಿಯಲ್ಲಿ ಇರುವಾಗ ಹೀಗಾದರೆ ಆ ಭಾಗ ಸರ್ವರ್‌ಗೆ ತಲುಪುವುದೇ ಇಲ್ಲ. ಎರರ್ ಬಂದಿತೇ ಎಂದು ಫೈಲ್ ಮುಚ್ಚುವಾಗ ನೋಡುವ ಪ್ರೋಗ್ರಾಂಗಳು ಕಡಿಮೆ. ಮದುವೆ ವಿಡಿಯೊದ ನಡುವಿನ ತುಂಡು ಹೋಗಿರುವುದು ಆಲ್ಬಂ ಕೊಡುವ ದಿನ ಗೊತ್ತಾದರೆ ಏನು ಗತಿ? ಓದಲು ಮಾತ್ರ ಬಳಸುವ ಮೌಂಟ್ ಆದರೆ ಯೋಚಿಸಬಹುದು.

ಪ್ರಶ್ನೆ: ಎಡಿಟಿಂಗ್ ಮೆಷಿನ್ನೇ ಸರ್ವರ್ ಕೂಡ. ತನ್ನದೇ ಎಕ್ಸ್‌ಪೋರ್ಟನ್ನು ತಾನೇ ಮೌಂಟ್ ಮಾಡಿದ್ದೇವೆ. ದೊಡ್ಡ ಫೈಲ್ ಬರೆಯುವಾಗ ಮೆಷಿನ್ ಪೂರ್ತಿ ನಿಲ್ಲುತ್ತೆ.

ಇದು ನಿಜವಾದ ಡೆಡ್‌ಲಾಕ್‌ಗೆ ಹತ್ತಿರ. ಮೆಮೊರಿ ಖಾಲಿಯಾಗುತ್ತಾ ಬಂದಾಗ ಕರ್ನಲ್ ಏನು ಮಾಡುತ್ತದೆ? ಬರೆದು ಬಾಕಿ ಇರುವ ಪುಟಗಳನ್ನು ಆಚೆ ಕಳಿಸಿ ಜಾಗ ಬಿಡಿಸಿಕೊಳ್ಳುತ್ತದೆ. ಆ ಪುಟಗಳು ಎನ್ಎಫ್ಎಸ್ ಮೌಂಟ್‌ನವು. ಅವನ್ನು ಬರೆಸಿಕೊಳ್ಳಬೇಕಾದ ಎನ್ಎಫ್ಎಸ್ ಸರ್ವರ್ ಅದೇ ಮೆಷಿನ್‌ನಲ್ಲಿದೆ. ಅದಕ್ಕೂ ಕೆಲಸ ಮಾಡಲು ಮೆಮೊರಿ ಬೇಕು. ಮೆಮೊರಿ ಕೇಳಿದರೆ 'ಮೊದಲು ಬಾಕಿ ಪುಟ ಬರೆದು ಮುಗಿಯಲಿ' ಎಂಬ ಉತ್ತರ. ಬರೆಯಬೇಕಾದವನೇ ಅವನು! ಇದನ್ನು ತಪ್ಪಿಸಲು ಕರ್ನಲ್‌ನಲ್ಲಿ ವಿಶೇಷ ಏರ್ಪಾಡು ಮಾಡಿದ್ದಾರೆ. ಆದರೂ ಹೀಗೆ ಮೌಂಟ್ ಮಾಡಿಕೊಳ್ಳದಿರುವುದೇ ಒಳ್ಳೆಯದು. ಅದೇ ಮೆಷಿನ್ ಆದರೆ ಲೋಕಲ್ ಫೋಲ್ಡರನ್ನೇ ಬೈಂಡ್ ಮೌಂಟ್ ಮಾಡಿಕೊಳ್ಳಿ, ಅಂದರೆ ಅದನ್ನೇ ಇನ್ನೊಂದು ಜಾಗದಲ್ಲೂ ಕಾಣುವಂತೆ ಮಾಡಿಕೊಳ್ಳಿ.

ಡ್ರೈವರ್ ಬರೆಯುವವರಿಗೂ ಇದರಲ್ಲಿ ಪಾಠ ಇದೆ. ರೈಟ್‌ಬ್ಯಾಕ್ ಹಾದಿಯಲ್ಲಿ 'ಜಿಎಫ್‌ಪಿ ಕರ್ನಲ್' ಗುರುತಿನಿಂದ ಮೆಮೊರಿ ಕೇಳಿದರೆ ಆ ಕೇಳಿಕೆಯೇ ತಿರುಗಿ ನಿಮ್ಮ ಫೈಲ್‌ಸಿಸ್ಟಂ ಒಳಗೆ ಬರಬಹುದು, ನೀವು ಆಗಲೇ ಹಿಡಿದ ಲಾಕನ್ನು ಮತ್ತೆ ಕೇಳಬಹುದು. ಆ ಹಾದಿಯ ಸುತ್ತ 'ಮೆಮ್‌ಅಲಾಕ್ ನೋಎಫ್ಎಸ್ ಸೇವ್' ಮತ್ತು ಅದರ ಜೋಡಿ 'ರಿಸ್ಟೋರ್' ಹಾಕಿ. ಆ ಹಾದಿಯಲ್ಲಿ ಬಳಸುವ ವರ್ಕ್‌ಕ್ಯೂಗೆ (ಕರ್ನಲ್ ಥ್ರೆಡ್‌ಗಳಿಗೆ ಒಪ್ಪಿಸಿದ ಕೆಲಸಗಳ ಸಾಲಿಗೆ) 'ಮೆಮ್ ರಿಕ್ಲೇಮ್' ಗುರುತು ಬೇಕೇ ಬೇಕು. ಇಲ್ಲದಿದ್ದರೆ ಮೆಮೊರಿ ಇಲ್ಲದ ಹೊತ್ತಿನಲ್ಲಿ ಹೊಸ ಕೆಲಸಗಾರ ಥ್ರೆಡ್ ಹುಟ್ಟುವುದೇ ಇಲ್ಲ.

ಪ್ರಶ್ನೆ: ಫೈನಲ್ ಇಯರ್ ಪ್ರಾಜೆಕ್ಟ್‌ಗೆ ನಾವೇ ಒಂದು ಚಿಕ್ಕ ನೆಟ್‌ವರ್ಕ್ ಫೈಲ್‌ಸಿಸ್ಟಂ ಬರೆಯುತ್ತಿದ್ದೇವೆ ಸರ್. ಸಂಪರ್ಕ ಒಮ್ಮೆ ಕಡಿದು ಮತ್ತೆ ಬಂದಾಗ ಮಾತ್ರ ನಿಲ್ಲುತ್ತದೆ.

ಈ ಪ್ರಶ್ನೆ ಬಂದಾಗ ನನಗೆ ಬಹಳ ಸಂತೋಷವಾಗುತ್ತದೆ. ಶಿವಮೊಗ್ಗದಲ್ಲಿ ಕೂತು ಕರ್ನಲ್ ಒಳಗೆ ಕೈ ಹಾಕುವ ಮಕ್ಕಳು ಇದ್ದಾರಲ್ಲ ಎಂದು.

ನೋಡಿ, ನೆಟ್‌ವರ್ಕ್ ಫೈಲ್‌ಸಿಸ್ಟಂನಲ್ಲಿ ಸರ್ವರ್ ಉತ್ತರಗಳನ್ನು ಓದಿ ಹಂಚುವ ಒಂದು ಥ್ರೆಡ್ ಇರುತ್ತದೆ. ಉಳಿದವರೆಲ್ಲ ಅವನು ಎಬ್ಬಿಸಲಿ ಎಂದು ಮಲಗಿರುತ್ತಾರೆ. ಈ ಹಂಚುವವನು ಯಾವ ಕಾರಣಕ್ಕೂ, ಉತ್ತರಕ್ಕೆ ಕಾಯುತ್ತಿರುವವನು ಹಿಡಿದಿರುವ ಲಾಕ್‌ಗೆ ಕಾಯಬಾರದು. ಕಾದರೆ ಸುತ್ತು ಪೂರ್ತಿಯಾಯಿತು: ಅವನು ಲಾಕ್ ಬಿಡಬೇಕಾದರೆ ಉತ್ತರ ಬೇಕು, ಉತ್ತರ ಹಂಚಬೇಕಾದರೆ ಲಾಕ್ ಬೇಕು.

ಎಲ್ಲ ಸರಿ ಇರುವಾಗ ಹಂಚುವವನು ಆ ಲಾಕ್ ಮುಟ್ಟುವುದೇ ಇಲ್ಲ. ಸಂಪರ್ಕ ಕಡಿದಾಗ ಮಾತ್ರ 'ಮತ್ತೆ ಸೇರಿಸುವ' ಹಾದಿಗೆ ಹೋಗುತ್ತಾನೆ. ಅಲ್ಲಿ ಸೆಷನ್ ಲಾಕ್, ತೆರೆದ ಫೈಲ್‌ಗಳ ಪಟ್ಟಿಯ ಲಾಕ್ ಎಲ್ಲ ಬೇಕಾಗುತ್ತವೆ. ನಿಮ್ಮ ಕೋಡ್‌ನಲ್ಲೂ ಅಲ್ಲೇ ನೋಡಿ. ಸೆಷನ್ ಲಾಕ್ ಹಿಡಿದುಕೊಂಡೇ ಸರ್ವರ್‌ಗೆ ಪ್ರಶ್ನೆ ಕಳಿಸಿ ಉತ್ತರಕ್ಕೆ ಕಾಯುವ ಜಾಗ ಇದೆಯೇ? ಇದ್ದರೆ ಲಾಕ್ ಬಿಟ್ಟು ಕಾಯಿರಿ. ಎದ್ದ ಮೇಲೆ ಲಾಕ್ ಹಿಡಿದು ಪರಿಸ್ಥಿತಿ ಬದಲಾಗಿದೆಯೇ ನೋಡಿ. ಮತ್ತೆ ಸೇರಿಸುವ ಕೆಲಸವನ್ನು ಹಂಚುವವನಿಂದ ಬಿಡಿಸಿ ಬೇರೆ ವರ್ಕ್‌ಕ್ಯೂಗೆ ಕೊಡಿ.

ಹಾಗೆಯೇ ಯಾವ ಲಾಕ್ ಆದಮೇಲೆ ಯಾವುದು ಎಂಬ ಕ್ರಮವನ್ನು ಹೆಡರ್ ಫೈಲ್‌ನ ಮೇಲ್ಗಡೆ ಬರೆದಿಡಿ. ಸಾಂಬಾ ಹಂಚಿಕೆಯನ್ನು ಮೌಂಟ್ ಮಾಡುವ, ಲಿನಕ್ಸ್‌ನ ಎಸ್ಎಂಬಿ ಕ್ಲೈಂಟ್‌ನ ಮುಖ್ಯ ಹೆಡರ್‌ನಲ್ಲೂ ಇಂಥದ್ದೊಂದು ಟಿಪ್ಪಣಿ ಇದೆ, ಓದಿ.

ಪ್ರಶ್ನೆ: ಲಾಕ್‌ಡೆಪ್ ಹಾಕಿದರೆ ಅದೇ ಹಿಡಿದುಕೊಡುತ್ತದಂತೆ?

ಬಹಳಷ್ಟನ್ನು ಹಿಡಿಯುತ್ತದೆ. 2006ರಲ್ಲಿ 2.6.18 ಕರ್ನಲ್ ಜೊತೆ ಬಂದ ಈ ಸಾಧನದ ಹೆಚ್ಚುಗಾರಿಕೆ ಏನೆಂದರೆ ಡೆಡ್‌ಲಾಕ್ ನಿಜವಾಗಿ ಆಗಬೇಕೆಂದೇ ಇಲ್ಲ. 'ಕ' ಆದಮೇಲೆ 'ಖ' ಹಿಡಿದದ್ದನ್ನು ಒಮ್ಮೆ, 'ಖ' ಆದಮೇಲೆ 'ಕ' ಹಿಡಿದದ್ದನ್ನು ಇನ್ನೊಮ್ಮೆ ನೋಡಿದರೆ ಸಾಕು, 'ಸರ್ಕ್ಯುಲರ್ ಲಾಕಿಂಗ್ ಡಿಪೆಂಡೆನ್ಸಿ' ಎಂದು ಕೂಗುತ್ತದೆ. 'ಪ್ರೂವ್ ಲಾಕಿಂಗ್' ಆಯ್ಕೆ ಹಾಕಿ ಕರ್ನಲ್ ಕಟ್ಟಿಕೊಳ್ಳಬೇಕು. ನಿಧಾನವಾಗುತ್ತದೆ, ಆದ್ದರಿಂದ ಪರೀಕ್ಷೆ ಮೆಷಿನ್‌ಗೆ ಮಾತ್ರ. ಹೀಗೆ ಕಟ್ಟಿದ ಕರ್ನಲ್‌ನಲ್ಲಿ ಸಿಸ್‌ಆರ್‌ಕ್ಯೂ 'ಡಿ' ಕೊಟ್ಟರೆ ಈಗ ಯಾರು ಯಾವ ಲಾಕ್ ಹಿಡಿದಿದ್ದಾರೆ ಎಂಬ ಪಟ್ಟಿಯೂ ಸಿಗುತ್ತದೆ.

ಆದರೆ ಲಾಕ್‌ಡೆಪ್ ಸುಮ್ಮನಿದೆ ಎಂದು ನಿಮ್ಮ ಕೋಡ್ ಶುದ್ಧ ಎಂದುಕೊಳ್ಳಬೇಡಿ. ಅದು ಮೊದಲ ದೂರು ಕೊಟ್ಟ ಮೇಲೆ ತಾನೇ ಆಫ್ ಆಗುತ್ತದೆ. ಬೇರೆ ಯಾವುದೋ ಡ್ರೈವರ್ ಮೇಲೆ ಬೂಟ್ ಸಮಯದಲ್ಲೇ ದೂರು ಕೊಟ್ಟಿದ್ದರೆ ನಿಮ್ಮದನ್ನು ನೋಡಿಯೇ ಇರುವುದಿಲ್ಲ. ಪೇಜ್ ಲಾಕ್ ಅದಕ್ಕೆ ಕಾಣುವುದಿಲ್ಲ. ಸರ್ವರ್ ಉತ್ತರಕ್ಕೆ ಕಾಯುವುದು ಲಾಕೇ ಅಲ್ಲ, ಹಾಗಾಗಿ ಅದೂ ಲೆಕ್ಕಕ್ಕೆ ಬರುವುದಿಲ್ಲ. ಮೇಲಿನ ಪ್ರಶ್ನೆಯ ಹಂಚುವವನ ತೊಂದರೆಯನ್ನು ಲಾಕ್‌ಡೆಪ್ ಹಿಡಿಯದೇ ಇರಬಹುದು. ನೆಟ್‌ವರ್ಕ್ ಫೈಲ್‌ಸಿಸ್ಟಂಗಳಲ್ಲಿ ಕಷ್ಟದ ಡೆಡ್‌ಲಾಕ್‌ಗಳೆಲ್ಲ ಇಂಥವೇ. ಅಲ್ಲಿ ಸ್ಟ್ಯಾಕ್ ಓದುವುದೊಂದೇ ದಾರಿ.

ಪ್ರಶ್ನೆ: ಲಾಕ್ ಹಿಡಿದವನು ಯಾರು ಎಂದು ಮಾಮೂಲಿ ಕರ್ನಲ್‌ನಲ್ಲೇ ತಿಳಿಯಬಹುದಾ?

ತಿಳಿಯಬಹುದು. 'ಕ್ರ್ಯಾಶ್' ಅಥವಾ 'ಡ್ರ್ಯಾಗನ್' ಎಂಬ ಸಾಧನ ಬೇಕು, ಓಡುತ್ತಿರುವ ಕರ್ನಲ್‌ನ ಡಿಬಗ್ ಮಾಹಿತಿಯೂ ಬೇಕು. ಎರಡೂ ಜೀವಂತ ಮೆಷಿನ್ ಮೇಲೆಯೂ, ಕೆಡಂಪ್ (ಕರ್ನಲ್ ಬಿದ್ದಾಗ ಮೆಮೊರಿ ಉಳಿಸುವ ಏರ್ಪಾಡು) ತೆಗೆದ ಮೆಮೊರಿ ಚಿತ್ರದ ಮೇಲೆಯೂ ಕೆಲಸ ಮಾಡುತ್ತವೆ. ಕಾಯುವವನ ಸ್ಟ್ಯಾಕ್‌ನಿಂದ ಮ್ಯೂಟೆಕ್ಸ್‌ನ ವಿಳಾಸ ಹುಡುಕಿ, ಅದರ 'ಓನರ್' ನೋಡಿ. ಅಲ್ಲಿರುವ ಸಂಖ್ಯೆಯ ಕೊನೆಯ ಮೂರು ಬಿಟ್ ಗುರುತುಗಳು. ಅವನ್ನು ಸೊನ್ನೆ ಮಾಡಿದರೆ ಹಿಡಿದ ಟಾಸ್ಕ್‌ನ ವಿಳಾಸ ಸಿಗುತ್ತದೆ. ಅವನ ಸ್ಟ್ಯಾಕ್ ನೋಡಿ, ಅವನು ಯಾರಿಗೆ ಕಾಯುತ್ತಿದ್ದಾನೆ ನೋಡಿ, ಹೀಗೇ ಮುಂದೆ ಹೋಗಿ. ಆರ್‌ಡಬ್ಲ್ಯೂಸೆಮ್ ಅನ್ನು ಓದಲು ಹಿಡಿದಿದ್ದರೆ ಓನರ್ ಪೂರ್ತಿ ನಂಬುವಂಥದ್ದಲ್ಲ, ಏಕೆಂದರೆ ಓದುವವರು ಹಲವರು ಇರಬಹುದು. ಇತ್ತೀಚಿನ ಕರ್ನಲ್‌ಗಳಲ್ಲಿ 120 ಸೆಕೆಂಡಿನ ಎಚ್ಚರಿಕೆಯ ಜೊತೆಯಲ್ಲೇ ಮ್ಯೂಟೆಕ್ಸ್ ಹಿಡಿದವನ ಹೆಸರು ಬರೆಯುವ ಆಯ್ಕೆಯೂ ಬಂದಿದೆ.

ಪ್ರಶ್ನೆ: ನಮ್ಮ ಮಂಡಿಯಲ್ಲಿ ಸಾಂಬಾ ಹಂಚಿಕೆ ಇರೋದು. ಇದೆಲ್ಲ ನಮಗೂ ಆಗುತ್ತಾ?

ದಾರಿ ಒಂದೇ, ಜಾಗಗಳು ಬೇರೆ. ಪ್ರಾಕ್ ಅಡಿಯ ಎಫ್ಎಸ್ ಒಳಗೆ ಸಿಐಎಫ್ಎಸ್ ಫೋಲ್ಡರ್‌ನಲ್ಲಿ 'ಡಿಬಗ್‌ಡೇಟಾ' ಎಂಬ ಫೈಲ್ ಇದೆ. ಸಂಪರ್ಕದ ಸ್ಥಿತಿ, ಉತ್ತರ ಬಾರದೆ ಉಳಿದ ಪ್ರಶ್ನೆಗಳು, ಸರ್ವರ್ ಕೊಟ್ಟ ಕ್ರೆಡಿಟ್ ಎಷ್ಟು ಎಂಬುದೆಲ್ಲ ಅಲ್ಲಿರುತ್ತದೆ. ಕ್ರೆಡಿಟ್ ಮುಗಿದಿದ್ದರೆ ಕ್ಲೈಂಟ್ ಹೊಸ ಪ್ರಶ್ನೆ ಕಳಿಸಲಾಗದೆ ಕಾಯುತ್ತದೆ. ಇಲ್ಲಿ ಹಂಚುವ ಥ್ರೆಡ್‌ನ ಹೆಸರು ಸಿಐಎಫ್ಎಸ್‌ಡಿ, ಅದರ ಸ್ಟ್ಯಾಕ್ ತಪ್ಪದೆ ನೋಡಿ.

ಪ್ರಶ್ನೆ: ವಾರಕ್ಕೊಮ್ಮೆ ಮಾತ್ರ ಆಗುತ್ತೆ. ನಮಗೆ ಬೇಕಾದಾಗ ಆಗುವ ಹಾಗೆ ಮಾಡೋದು ಹೇಗೆ?

ಲ್ಯಾಪ್‌ಟಾಪ್‌ನಲ್ಲಿ ಎರಡು ವರ್ಚುವಲ್ ಮೆಷಿನ್ ಮಾಡಿ, ಒಂದು ಸರ್ವರ್, ಒಂದು ಕ್ಲೈಂಟ್. ಕ್ಲೈಂಟ್‌ಗೆ ಮೆಮೊರಿ ಕಡಿಮೆ ಕೊಡಿ. 'ಟಿಸಿ' ಕಮಾಂಡ್‌ನ ನೆಟ್‌ಎಮ್ ಬಳಸಿ ವಿಳಂಬ ಮತ್ತು ಪ್ಯಾಕೆಟ್ ನಷ್ಟ ಹಾಕಿ. ಬರೆಯುವ ಕೆಲಸ ಜೋರಾಗಿ ನಡೆಯುವಾಗ ಫೈರ್‌ವಾಲ್‌ನಲ್ಲಿ 2049 ಪೋರ್ಟ್ ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆರೆಯಿರಿ. ಇದನ್ನೇ ಲೂಪ್‌ನಲ್ಲಿ ರಾತ್ರಿಯಿಡೀ ಓಡಿಸಿ. ಪೋರ್ಟ್ ತೆರೆದ ಮೇಲೂ ಏಳದ ಪ್ರೊಸೆಸ್ ಸಿಕ್ಕಿತೇ? ಅದು ನಿಮಗೆ ಬೇಕಾದದ್ದು.

ಪ್ರಶ್ನೆ: ಬಗ್ ಎಂದು ಖಾತ್ರಿಯಾಯಿತು. ನಾನು ಕನ್ನಡ ಮೀಡಿಯಂ. ಕರ್ನಲ್‌ನವರಿಗೆ ಇಂಗ್ಲಿಷಲ್ಲಿ ಬರೆಯಲು ಭಯ.

ಭಯ ಬೇಡ. ಅವರು ನೋಡುವುದು ಸ್ಟ್ಯಾಕ್, ವ್ಯಾಕರಣ ಅಲ್ಲ. ಕರ್ನಲ್ ವರ್ಷನ್, ಪ್ರಾಕ್‌ನ ಮೌಂಟ್ಸ್ ಫೈಲ್‌ನಲ್ಲಿರುವ ಮೌಂಟ್ ಆಯ್ಕೆಗಳು, ಎರಡು ಸಲ ತೆಗೆದ ಸಿಸ್‌ಆರ್‌ಕ್ಯೂ ಡಬ್ಲ್ಯೂ, ಮರಳಿ ಮಾಡುವ ವಿಧಾನ ಇಷ್ಟು ಕೊಡಿ. ಕರ್ನಲ್ ಸೋರ್ಸ್ ಜೊತೆ ಬರುವ 'ಡಿಕೋಡ್ ಸ್ಟ್ಯಾಕ್‌ಟ್ರೇಸ್' ಸ್ಕ್ರಿಪ್ಟ್ ಓಡಿಸಿದರೆ ಪ್ರತಿ ಸಾಲಿನ ಪಕ್ಕ ಫೈಲ್ ಹೆಸರು, ಸಾಲಿನ ಸಂಖ್ಯೆ ಬರುತ್ತದೆ. ಯಾರಿಗೆ ಕಳಿಸಬೇಕು ಎಂದು 'ಗೆಟ್ ಮೇಂಟೇನರ್' ಸ್ಕ್ರಿಪ್ಟ್ ಹೇಳುತ್ತದೆ. 'ಇವನು ಇದನ್ನು ಹಿಡಿದಿದ್ದಾನೆ, ಅದಕ್ಕೆ ಕಾಯುತ್ತಿದ್ದಾನೆ' ಎಂದು ಎರಡೇ ಸಾಲು ನಿಮ್ಮ ಮಾತಿನಲ್ಲಿ ಬರೆಯಿರಿ. ಸುತ್ತನ್ನು ತೋರಿಸಿದ ವರದಿಗೆ ಉತ್ತರ ಬರುತ್ತದೆ. ಸುಮ್ನೆ 'ಹ್ಯಾಂಗ್ ಆಗುತ್ತೆ' ಎಂದರೆ ಅವರಾದರೂ ಏನು ಮಾಡಬೇಕು?

ಪ್ರಶ್ನೆ: ಎಲ್ಲ ಉಳಿಸಿಕೊಂಡೆ. ಈಗ ಮೆಷಿನ್ ಹೇಗೆ ಬಿಡಿಸಲಿ?

ಮೊದಲು 'ಯುಮೌಂಟ್ ಮೈನಸ್ ಎಫ್' ಕೊಟ್ಟು ನೋಡಿ. ಬಾಕಿ ಆರ್‌ಪಿಸಿಗಳನ್ನು ಅದು ರದ್ದು ಮಾಡುತ್ತದೆ, ನೆಟ್‌ವರ್ಕ್‌ಗೆ ಕಾಯುವವರು ಏಳಬಹುದು. 'ಮೈನಸ್ ಎಲ್' ಮೌಂಟನ್ನು ಕಣ್ಣಿಂದ ಮರೆ ಮಾಡುತ್ತದೆ ಅಷ್ಟೇ, ಸಿಕ್ಕಿದವರು ಸಿಕ್ಕೇ ಇರುತ್ತಾರೆ. ನಿಜವಾದ ಡೆಡ್‌ಲಾಕ್ ಆದರೆ ಎರಡರಿಂದಲೂ ಪ್ರಯೋಜನ ಇಲ್ಲ. ಮಾಮೂಲಿ ರೀಬೂಟ್ ಕಮಾಂಡ್ ಕೂಡ ಅನ್‌ಮೌಂಟ್ ಮಾಡುವಲ್ಲಿ ನಿಲ್ಲಬಹುದು.

ಕೆಡಂಪ್ ಮೊದಲೇ ಹೊಂದಿಸಿಟ್ಟಿದ್ದರೆ ಸಿಸ್‌ಆರ್‌ಕ್ಯೂ 'ಸಿ' ಕೊಡಿ. ಕರ್ನಲ್ ಬೇಕೆಂದೇ ಬಿದ್ದು ಪೂರ್ತಿ ಮೆಮೊರಿ ಚಿತ್ರ ಉಳಿಸಿ ಮತ್ತೆ ಏಳುತ್ತದೆ. ಆಗ ಬರೆಯದೆ ಉಳಿದ ಡೇಟಾ ಹೋಗುತ್ತದೆ, ಲೋಕಲ್ ಡಿಸ್ಕ್‌ನದ್ದೂ ಸೇರಿ. ಆದ್ದರಿಂದ ಮೊದಲು 'ಎಸ್' (ಬಾಕಿ ಡೇಟಾವನ್ನು ಡಿಸ್ಕ್‌ಗೆ ಬರೆಸುವುದು) ಕೊಟ್ಟು ಕೆಲವು ಸೆಕೆಂಡು ಬಿಡಿ. ಕೆಡಂಪ್ ಇಲ್ಲದಿದ್ದರೆ 'ಎಸ್', 'ಯು' (ಡಿಸ್ಕ್‌ಗಳನ್ನು ಓದಲು ಮಾತ್ರ ಎಂದು ಮಾಡುವುದು), ಆಮೇಲೆ 'ಬಿ' (ಕೂಡಲೇ ರೀಬೂಟ್), ಇದೇ ಕ್ರಮದಲ್ಲಿ. ಮೆಷಿನ್ ಎದ್ದ ಮೇಲೆ ಉಳಿಸಿಟ್ಟ ಲಾಗ್ ಫೈಲ್ ಡಿಸ್ಕ್‌ನಲ್ಲಿ ಇದೆಯೇ ನೋಡಿ, ಪೆನ್ ಡ್ರೈವ್‌ಗೂ ಒಂದು ಕಾಪಿ ಹಾಕಿಕೊಳ್ಳಿ.